ಯಾಕೆ ಬೇಡ ಅಂತ ಕೇಳಿದಾಗ

ಮನೋವೈದ್ಯೆಯಾದ ನನಗೆ, ಔಷಧ ಬೇಡ ಅನ್ನುವ ರೋಗಿಗಳ ಮನೆಯವರು ಜಾಸ್ತಿ ಹೇಳುವ ಮಾತು ಇದು: "ಕಾನೂನಿದೆಯಲ್ಲ ಮೇಡಂ, ಹಿಡಿದು ಇಂಜೆಕ್ಷನ್ ಕೊಟ್ಟುಬಿಡಿ." ಹೇಳುವವರು ಕೆಟ್ಟವರಲ್ಲ, ನಿದ್ದೆಗೆಟ್ಟು ಸೋತು ಹೋದ ಅಪ್ಪ ಅಮ್ಮಂದಿರು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಷ್ಟು ಸಲೀಸಾಗಿ ಬಲವಂತಕ್ಕೆ ಬಿಡುವುದಿಲ್ಲ. ಬಿಡಲೂಬಾರದು.

ರೋಗಿ ತಾನಾಗಿ ಒಪ್ಪುವ ಸ್ಥಿತಿಯಲ್ಲಿಲ್ಲದಾಗ ಈ ಕಾಯ್ದೆಯ ಸೆಕ್ಷನ್ 89ರ ಪ್ರಕಾರ 30 ದಿನದವರೆಗೆ ಅಡ್ಮಿಟ್ ಮಾಡಬಹುದು. ರೋಗಿಯ ಪ್ರತಿನಿಧಿ ಅರ್ಜಿ ಕೊಡಬೇಕು, ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು, ಇನ್ನೊಬ್ಬರು ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ ಆಗಿರಬೇಕು. ತನಗೋ ಇನ್ನೊಬ್ಬರಿಗೋ ಅಪಾಯ ಇರಬೇಕು, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. "ಹೇಳಿದ ಮಾತು ಕೇಳಲ್ಲ" ಅನ್ನುವುದು ಕಾರಣವಾಗಲ್ಲ.

ಹೀಗೆ ಅಡ್ಮಿಟ್ ಆದವರಿಗೆ ತಮ್ಮ ಚಿಕಿತ್ಸೆಯ ನಿರ್ಧಾರ ಮಾಡುವ ಶಕ್ತಿ ಬಂದಿದೆಯಾ ಅಂತ 7 ದಿನಕ್ಕೊಮ್ಮೆ ನೋಡಬೇಕು. ನಾನು ಅಷ್ಟು ದಿನ ಕಾಯುವುದಿಲ್ಲ, ದಿನಾ ಹೋಗಿ ಕೂರುತ್ತೇನೆ.

ಒಬ್ಬ ಹುಡುಗ ಮಾತ್ರೆ ಕಂಡರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಕಾಯಿಲೆಯ ಅರಿವೇ ಇಲ್ಲ ಅಂತ ಫೈಲಿನಲ್ಲಿ ಬರೆದಿತ್ತು. ಸ್ಟೂಲ್ ಎಳೆದುಕೊಂಡು ಕೂತು, "ನುಂಗು ಅನ್ನೋಕೆ ಬಂದಿಲ್ಲ, ಯಾಕೆ ಬೇಡ ಅಂತ ಹೇಳಪ್ಪಾ ಸಾಕು" ಅಂದೆ. ತುಂಬಾ ಹೊತ್ತಿನ ಮೇಲೆ ಕುತ್ತಿಗೆ ಮುಟ್ಟಿ ತೋರಿಸಿದ. ಹಿಂದೆ ಬೇರೆ ಕಡೆ ಕೊಟ್ಟ ಇಂಜೆಕ್ಷನ್‌ನಿಂದ ಕುತ್ತಿಗೆ ಸೊಟ್ಟಗೆ ಸೆಟೆದುಕೊಂಡು, ನಾಲಿಗೆ ಹೊರಳದೆ ಒದ್ದಾಡಿದ್ದನಂತೆ. ಭ್ರಮೆ ತಗ್ಗಿಸಲು ಕೊಡುವ ಹ್ಯಾಲೋಪೆರಿಡಾಲ್‌ನಂಥ ಔಷಧದಿಂದ ಹೀಗಾಗುವುದುಂಟು. ಅದನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಅವನಿಗೆ ಕೇಳಿಸುತ್ತಿದ್ದ ದನಿಗಳು ಕಾಯಿಲೆಯವು. ಈ ಭಯ ಕಾಯಿಲೆಯದ್ದಲ್ಲ.

ಬೇರೆ ಮಾತ್ರೆ, ಕಡಿಮೆ ಡೋಸ್‌ನಿಂದ ಶುರು ಮಾಡೋಣ ಅಂದೆ. ಸೆಟೆತ ಬಿಡಿಸುವ ಔಷಧ ಎಲ್ಲಿಟ್ಟಿದ್ದೇವೆ ಅಂತ ತೋರಿಸಿದೆ. ಅವತ್ತು ಒಪ್ಪಲಿಲ್ಲ. ಮರುದಿನ ಅರ್ಧ ಮಾತ್ರೆ ನುಂಗಿದ. ನಮಗೆ ತಪ್ಪು ಅನ್ನಿಸಿದ ಮಾತ್ರಕ್ಕೆ ರೋಗಿಗೆ ನಿರ್ಧಾರದ ಶಕ್ತಿ ಇಲ್ಲ ಅನ್ನಕೂಡದು ಅಂತ ಸೆಕ್ಷನ್ 4 ಹೇಳುತ್ತದೆ. ಇಡೀ ಕಾಯ್ದೆಯಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ಈ ಮಾತನ್ನೇ.

ಊಟದಲ್ಲಿ ಬೆರೆಸಿ ಕೊಡೋಣ್ವಾ ಅಂತಲೂ ಮನೆಯವರು ಕೇಳುತ್ತಾರೆ. ಖಂಡಿತ ಬೇಡ ಅನ್ನುತ್ತೇನೆ. ತನಗೆ ಯಾರೋ ವಿಷ ಹಾಕುತ್ತಿದ್ದಾರೆ ಅಂತ ಮೊದಲೇ ನಂಬಿದವರಿಗೆ ತಟ್ಟೆಯಲ್ಲಿ ಮಾತ್ರೆಯ ಪುಡಿ ಸಿಕ್ಕರೆ, ಆಮೇಲೆ ಅವರು ಯಾರನ್ನು ನಂಬಬೇಕು, ಅಲ್ವಾ?

ಹುಷಾರಾದವರಿಗೆ ಮುಂಗಡ ನಿರ್ದೇಶನ ಬರೆದಿಡಲು ಹೇಳುತ್ತೇನೆ. ಮತ್ತೆ ಕಾಯಿಲೆ ಕೆದರಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಅದರಲ್ಲಿ ಬರೆಯಬಹುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸಲ್ಲ ಅನ್ನುವುದನ್ನೂ ಆಗಲೇ ಹೇಳಿಬಿಡುತ್ತೇನೆ, ಆಮೇಲೆ ಅವರಿಗೆ ಮೋಸಹೋದೆ ಅನ್ನಿಸಬಾರದು.