ಹಳೆಯ ರಿವಾಲ್ವರ್‌ಗೆ ಎಷ್ಟು ಕೊಡಬಹುದು?

ಅಮೆರಿಕದ ಗನ್ ಶೋಗಳಲ್ಲಿ ಹಳೆಯ ರಿವಾಲ್ವರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಬೆಲೆ ಚೀಟಿ ಕಟ್ಟಿರುತ್ತಾರೆ. ಚೀಟಿಯಲ್ಲಿರುವುದು ಮಾರುವವನ ಆಸೆ. ನ್ಯಾಯವಾದ ಬೆಲೆ ಗೊತ್ತಾಗಬೇಕಾದರೆ ಗನ್ನನ್ನು ಕೈಯಲ್ಲಿ ಹಿಡಿದು ನೋಡಬೇಕು.

ಅಲ್ಲಿರುವ ಕನ್ನಡಿಗರಿಗೆ ಮೊದಲೇ ಒಂದು ಮಾತು. ಎಚ್‌1ಬಿ, ಎಫ್‌1 ತರಹದ ವೀಸಾದಲ್ಲಿದ್ದರೆ, ಬೇಟೆ ಲೈಸೆನ್ಸ್‌ನಂತಹ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ರಾಜ್ಯದ ಕಾನೂನು ಬೇರೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಉದಾಹರಣೆಗೆ ರೂಗರ್ ಕಂಪನಿಯ ಬ್ಲ್ಯಾಕ್‌ಹಾಕ್ ತೆಗೆದುಕೊಳ್ಳೋಣ. ಇದು ಸಿಂಗಲ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಹ್ಯಾಮರನ್ನು (ಗುಂಡು ಹಾರಿಸಲು ಏಟು ಹಾಕುವ ಹಿಂಬದಿಯ ಭಾಗ) ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. 1955ರಿಂದ ಬರುತ್ತಿರುವ ಮಾಡೆಲ್ ಆದ್ದರಿಂದ ಹಳೆಯ ಮಾಲು ಬೇಕಾದಷ್ಟು ಸಿಗುತ್ತದೆ.

1. ಖಾಲಿ ಇದೆಯಾ ನೋಡಿ

ಮಾರುವವನು "ಖಾಲಿ ಇದೆ" ಅಂದರೂ ನೀವೇ ನೋಡಿ. ಬಲಗಡೆಯ ಲೋಡಿಂಗ್ ಗೇಟ್ (ಗುಂಡು ತುಂಬುವ ಪುಟ್ಟ ಬಾಗಿಲು) ತೆರೆದು, ಸಿಲಿಂಡರ್ (ಗುಂಡು ಕೂರುವ ತಿರುಗುವ ಉರುಳೆ) ತಿರುಗಿಸುತ್ತಾ ಆರೂ ಕೋಣೆಗಳ ಮೇಲೆ ಕಣ್ಣು ಹಾಯಿಸಿ. 1973ಕ್ಕೆ ಮುಂಚಿನದಾದರೆ ಹ್ಯಾಮರನ್ನು ಅರ್ಧ ಎಳೆದ ಮೇಲೆಯೇ ಸಿಲಿಂಡರ್ ತಿರುಗುತ್ತದೆ. ಹ್ಯಾಮರ್ ಎಳೆಯುವ ಮೊದಲು ಅವನನ್ನು ಒಂದು ಮಾತು ಕೇಳಿ. ಕೇಳದೆ ಟಕ್ ಟಕ್ ಅನ್ನಿಸುವವರನ್ನು ಕಂಡರೆ ಅಲ್ಲಿ ಯಾರಿಗೂ ಆಗುವುದಿಲ್ಲ.

2. ಸ್ಕ್ರೂ ಎಣಿಸಿ

ಫ್ರೇಮ್‌ನ (ಗನ್ನಿನ ಲೋಹದ ಚೌಕಟ್ಟು) ಪಕ್ಕದಲ್ಲಿ ಮೂರು ಸ್ಕ್ರೂ ಕಂಡರೆ ಅದು 1973ಕ್ಕೆ ಮುಂಚಿನ 'ಓಲ್ಡ್ ಮಾಡೆಲ್'. ಎರಡು ಪಿನ್ ಕಂಡರೆ 'ನ್ಯೂ ಮಾಡೆಲ್'. ಬೆಲೆಯ ದಾರಿ ಇಲ್ಲೇ ಎರಡಾಗುತ್ತದೆ.

ಓಲ್ಡ್ ಮಾಡೆಲ್‌ನಲ್ಲಿ ಇಳಿದ ಹ್ಯಾಮರ್ ಫೈರಿಂಗ್ ಪಿನ್ನಿನ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆ) ಮೇಲೇ ಕೂರುತ್ತದೆ. ಆರೂ ಗುಂಡು ತುಂಬಿದ್ದಾಗ ಕೆಳಗೆ ಬಿದ್ದು ಹ್ಯಾಮರ್‌ಗೆ ಏಟು ತಗುಲಿದರೆ ಗುಂಡು ಹಾರಬಹುದು. ಅದಕ್ಕೇ ತಿಳಿದವರು ಐದೇ ತುಂಬಿ, ಹ್ಯಾಮರ್ ಕೆಳಗಿನ ಕೋಣೆಯನ್ನು ಖಾಲಿ ಬಿಡುತ್ತಾರೆ. ನ್ಯೂ ಮಾಡೆಲ್‌ಗೆ ಟ್ರಾನ್ಸ್‌ಫರ್ ಬಾರ್ ಎಂಬ ಪಟ್ಟಿ ಬಂತು. ಟ್ರಿಗರ್ ಒತ್ತಿದಾಗ ಮಾತ್ರ ಅದು ಮೇಲೆದ್ದು ಏಟನ್ನು ಪಿನ್ನಿಗೆ ದಾಟಿಸುತ್ತದೆ.

ಹಳೆಯವಕ್ಕೂ ಕಂಪನಿ ಇಂಥ ಸುರಕ್ಷತಾ ಭಾಗಗಳನ್ನು ಪುಕ್ಕಟೆಯಾಗಿ ಹಾಕಿಕೊಡುತ್ತದೆ. ಬಿಚ್ಚಿದ ಹಳೆಯ ಭಾಗಗಳನ್ನು ಗನ್ನಿನ ಜೊತೆಗೇ ವಾಪಸ್ ಕಳಿಸುತ್ತದೆ. ಹೀಗೆ ಬದಲಾದ ಗನ್ ಹೊಡೆಯುವವನಿಗೆ ಒಳ್ಳೆಯದು, ಸಂಗ್ರಹಕಾರನಿಗೆ ಬೇಡ. ಅವನು ಕೇಳುವುದು ಆ ಹಳೆಯ ಭಾಗಗಳ ಪುಟ್ಟ ಪೊಟ್ಟಣವನ್ನೇ. ಅದಿದ್ದರೆ ಬೆಲೆ ಸ್ವಲ್ಪ ಏರುತ್ತದೆ. "ಎಲ್ಲೋ ಇತ್ತು, ಹುಡುಕಿ ಕಳಿಸ್ತೀನಿ" ಅಂದರೆ ಇಲ್ಲ ಅಂತಲೇ ಲೆಕ್ಕ ಹಾಕಿ.

ಸೀರಿಯಲ್ ನಂಬರನ್ನು ರೂಗರ್‌ನ ವೆಬ್‌ಸೈಟಿನಲ್ಲಿ ಹಾಕಿದರೆ ಗನ್ ಯಾವ ಕಾಲದ್ದೆಂದು ಅಲ್ಲೇ ತಿಳಿಯುತ್ತದೆ.

3. ಕೆಲಸ ಮಾಡುತ್ತಾ ನೋಡಿ

ಇದಕ್ಕೆ ಪುರುಸೊತ್ತು ಬೇಕು. ಒಂದು ಬೆರಳನ್ನು ಸಿಲಿಂಡರ್ ಮೇಲೆ ಹಗುರವಾಗಿ ಒತ್ತಿ, ಹ್ಯಾಮರನ್ನು ನಿಧಾನವಾಗಿ ಪೂರ್ತಿ ಎಳೆಯಿರಿ. ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರ್ ಕಟ್ಟೆಂದು ಲಾಕ್ ಆಗಿರಬೇಕು. ಆರೂ ಕೋಣೆಗಳಿಗೂ ಹೀಗೇ ಮಾಡಿ. ಐದು ಸರಿಯಿದ್ದು ಒಂದು ತಪ್ಪುವುದೂ ಉಂಟು.

ಎಳೆದ ಹ್ಯಾಮರನ್ನು ಟ್ರಿಗರ್ ಮುಟ್ಟದೆ ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ. ಜಾರಿ ಬಿದ್ದರೆ ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಒಳಭಾಗಕ್ಕೆ ಅರ ಹಾಕಿ ಉಜ್ಜಿದ್ದಾರೆ ಅಂತ ಅರ್ಥ. ಅಂಥದ್ದಕ್ಕೆ ಚೌಕಾಸಿ ಬೇಡ, ಕೆಳಗಿಟ್ಟು ಮುಂದೆ ಹೋಗಿ.

ಸಿಲಿಂಡರ್ ಅಕ್ಕಪಕ್ಕ ತುಸು ಅಲ್ಲಾಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಗಡಗಡ ಅಂದರೆ ಸವೆದಿದೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. 0.004ರಿಂದ 0.008 ಇಂಚಿನೊಳಗಿದ್ದರೆ ಚೆನ್ನ.

ಸಿಲಿಂಡರ್ ಸುತ್ತ ಬಳೆಯಂತಹ ಗೆರೆ ಕಂಡರೆ ಕೆಲವರು ಸುಮ್ನೆ ಬೆಲೆ ಇಳಿಸಲು ನೋಡುತ್ತಾರೆ. ಕೋಲ್ಟ್ ಕಂಪನಿಯ ರಿವಾಲ್ವರ್‌ನಲ್ಲಾದರೆ ಆ ಮಾತಿಗೆ ಬೆಲೆಯಿದೆ. ನ್ಯೂ ಮಾಡೆಲ್ ರೂಗರ್‌ನಲ್ಲಿ ಲಾಕ್ ಮಾಡುವ ಕೊಕ್ಕೆ ಸಿಲಿಂಡರಿಗೆ ಉಜ್ಜಿಕೊಂಡೇ ಇರುವುದರಿಂದ ಗೆರೆ ಬಂದೇ ಬರುತ್ತದೆ. ಅದನ್ನು ದೋಷ ಅನ್ನಬೇಡಿ.

4. ನಳಿಗೆ ಮತ್ತು ಮೈ

ನಳಿಗೆಯೊಳಗೆ ಟಾರ್ಚ್ ಬಿಡಿ. ಸೀಸದ ಕರೆ ತಿಕ್ಕಿದರೆ ಹೋಗುತ್ತದೆ, ತುಕ್ಕು ತಿಂದ ಗುಳಿ ಹೋಗುವುದಿಲ್ಲ. ಒಳಗೆ ಉಂಗುರದಂತಹ ಕಪ್ಪು ನೆರಳಿದ್ದರೆ ನಳಿಗೆ ಉಬ್ಬಿರಬಹುದು, ಅಂಥದ್ದು ಬೇಡ. ಹೆಚ್ಚು ಶಕ್ತಿಯ ಗುಂಡು ಹೊಡೆಯುವ ಮ್ಯಾಗ್ನಮ್ ಗನ್‌ಗಳಲ್ಲಿ ಸಂದಿನ ಮೇಲಿನ ಫ್ರೇಮಿನಲ್ಲಿ ಬಿಸಿ ಅನಿಲ ಕೊರೆದ ಸಣ್ಣ ಗೀರು ಇರುತ್ತದೆ. ಸ್ವಲ್ಪ ಕೊರೆದು ನಿಂತುಬಿಡುತ್ತದೆ, ಹೆದರಬೇಕಿಲ್ಲ. ಎಷ್ಟು ಹೊಡೆದಿದ್ದಾರೆ ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ.

ಹೊರಗೆ ತೀರಾ ಮಿರಮಿರ ಮಿಂಚುವ ಹಳೆಯ ಗನ್ ಕಂಡರೆ ಅನುಮಾನ ಪಡಿ. ಮರುಬಣ್ಣ ಹಾಕುವ ಮೊದಲು ಪಾಲಿಶ್ ಹಿಡಿಯುತ್ತಾರೆ. ಆಗ ಅಕ್ಷರಗಳು ಮಸುಕಾಗುತ್ತವೆ, ಅಂಚುಗಳು ಮೊಂಡಾಗುತ್ತವೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗು ಬೀಳುತ್ತದೆ. ಸಂಗ್ರಹದ ಬೆಲೆ ಅಲ್ಲಿಗೆ ಮುಗಿಯಿತು. ನನ್ನನ್ನು ಕೇಳಿದರೆ, ಹಾಗೆ ಹೊಳೆಯುವುದಕ್ಕಿಂತ ಸವೆದು ಬೆಳ್ಳಗಾದ ಅಸಲಿ ಮೈಯೇ ಮೇಲು. ಕಿತ್ತುಹೋದ ಸ್ಕ್ರೂ ತಲೆಗಳು ಕಂಡರೆ ಮನೆಯಲ್ಲೇ ಯಾರೋ ಬಿಚ್ಚಿದ್ದಾರೆ.

'ಕನ್ವರ್ಟಿಬಲ್', ಅಂದರೆ ಸಿಲಿಂಡರ್ ಬದಲಿಸಿ ಬೇರೆ ಬಗೆಯ ಗುಂಡನ್ನೂ ಹೊಡೆಯಬಹುದಾದದ್ದು, ಅಂತ ಮಾರುತ್ತಿದ್ದರೆ ಎರಡನೆಯ ಸಿಲಿಂಡರ್ ಕೈಗೆ ಕೊಡಲಿ. ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿಗಳನ್ನು ಅದರ ಮುಖದ ಮೇಲೆ ಸಣ್ಣದಾಗಿ ಕೊರೆದಿರುತ್ತಾರೆ. ಹೊಂದದಿದ್ದರೆ ಅದು ಬೇರೆ ಗನ್ನಿನದು. ಕೂರಬಹುದು, ಕೂರದೆಯೂ ಇರಬಹುದು. ಜಾಸ್ತಿ ದುಡ್ಡು ಕೊಡಬೇಡಿ.

5. ಲೆಕ್ಕ ಹಾಕಿ

ಆನ್‌ಲೈನ್ ಹರಾಜಿನಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದ ಬೆಲೆ ನೋಡಿ. ಸುಮ್ನೆ ಉದಾಹರಣೆಗೆ, ಅದೇ ಮಾಡೆಲ್ 580, 590, 600, 740 ಡಾಲರಿಗೆ ಹೋಗಿದೆ ಅಂತಿಟ್ಟುಕೊಳ್ಳಿ. 740ರದ್ದಕ್ಕೆ ಪೆಟ್ಟಿಗೆ, ಕಾಗದ, ಎರಡನೆಯ ಸಿಲಿಂಡರ್ ಎಲ್ಲ ಇತ್ತು. ಅದನ್ನು ಬಿಡಿ. ಉಳಿದದ್ದು 590ರ ಆಸುಪಾಸು.

ಆದರೆ ಬೇರೆ ರಾಜ್ಯದಿಂದ ಬರುವ ರಿವಾಲ್ವರ್ ಲೈಸೆನ್ಸ್ ಇರುವ ಡೀಲರ್ ಮೂಲಕವೇ ನಿಮ್ಮ ಕೈ ಸೇರಬೇಕು. ಸಾಗಣೆಗೆ 35, ಡೀಲರಿಗೆ 30 ಅಂದರೂ 655 ಆಯಿತು. ಹಾಗಾಗಿ ನಿಮ್ಮೂರಿನವನೇ ಎದುರಿಗಿಟ್ಟು, ಮುಟ್ಟಿ ನೋಡಲು ಬಿಟ್ಟು 620 ಕೇಳಿದರೆ ಅದು ದುಬಾರಿ ಅಲ್ಲ. ಹೊಸದರ ಬೆಲೆಯನ್ನೂ ಪಕ್ಕದಲ್ಲಿಡಿ. ನೂರು ಡಾಲರಿನ ಅಂತರವೂ ಇಲ್ಲದಿದ್ದರೆ ಹೊಸದನ್ನೇ ಕೊಳ್ಳಿ, ಅಲ್ವಾ?

"ನಮ್ಮಜ್ಜ ಇದನ್ನು ಶೆರಿಫ್ ಹತ್ತಿರ ಕೊಂಡಿದ್ದ" ಎಂಬ ಕಥೆ ಬಂದರೆ ಕೇಳಿ ಖುಷಿಪಡಿ. ಕಾಗದವಿಲ್ಲದ ಕಥೆಗೆ ಒಂದು ಡಾಲರೂ ಜಾಸ್ತಿ ಕೊಡಬೇಡಿ.

ಇಷ್ಟೆಲ್ಲ ರೂಗರ್‌ಗೆ ಸಾಕು. 1873ರಲ್ಲಿ ಬಂದ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಸಿಕ್ಕರೆ ಈ ಲೆಕ್ಕ ನಡೆಯುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮೊದಲ ತಲೆಮಾರಿನದಕ್ಕೂ 1956ರಿಂದ ಬಂದ ಎರಡನೆಯದಕ್ಕೂ ಬೆಲೆಯಲ್ಲಿ ಅಜಗಜಾಂತರ. ನಕಲಿಗಳೂ ಇವೆ. ಕೋಲ್ಟ್ ಕಂಪನಿಯ ದಾಖಲೆ ವಿಭಾಗ ಹಣ ಪಡೆದು, ಆ ನಂಬರಿನ ಗನ್ ಯಾವಾಗ, ಯಾವ ರೂಪದಲ್ಲಿ ಕಾರ್ಖಾನೆಯಿಂದ ಹೊರಟಿತು ಎಂದು ಪತ್ರ ಬರೆದುಕೊಡುತ್ತದೆ. ಆ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.