ಹೊಲವನ್ನು ಜೌಗು ಮಾಡುವ ಮೊದಲು ಬಕೆಟ್‌ನಲ್ಲಿ ಮಣ್ಣು ನೆನೆಸಿ

ಕೆರೆಗೆ ಬರುವ ಕೊಳಕು ನೀರನ್ನು ಜೊಂಡು ಬೆಳೆದ ಜೌಗಿನಲ್ಲಿ ಹಾಯಿಸಿದರೆ ತಿಳಿಯಾಗುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದ ನೀರು ಬರುವುದು ಹೀಗೆಯೇ. ಆದರೆ ಹೊಸದಾಗಿ ಜೌಗು ಕಟ್ಟಲು ಸಿಗುವ ಜಾಗ ಎಷ್ಟೋ ಸಲ ವರ್ಷಗಟ್ಟಲೆ ಡಿಎಪಿ ಎಂಬ ರಂಜಕದ (ಫಾಸ್ಫರಸ್) ಗೊಬ್ಬರ ಉಂಡ ಹೊಲವಾಗಿರುತ್ತದೆ. ಸುಮ್ನೆ ನೀರು ನಿಲ್ಲಿಸಿದರೆ ಮಣ್ಣಿನೊಳಗೆ ಆಮ್ಲಜನಕ ಮುಗಿಯುತ್ತದೆ. ಅಲ್ಲಿಯವರೆಗೆ ರಂಜಕವನ್ನು ಹಿಡಿದಿಟ್ಟಿದ್ದ ಕಬ್ಬಿಣ ಕರಗಿ ಅದನ್ನು ಬಿಟ್ಟುಕೊಡುತ್ತದೆ. ನೀರು ಸೋಸಬೇಕಾದ ಜಾಗವೇ ಪಾಚಿಗೆ ಗೊಬ್ಬರ ಹಾಕಿದಂತಾಗುತ್ತದೆ!

ಅಮೆರಿಕದ ಫ್ಲಾರಿಡಾದಲ್ಲಿ ಅಪಾಪ್ಕಾ ಕೆರೆಯ ಅಂಚಿನ ತರಕಾರಿ ಹೊಲಗಳನ್ನು ಮತ್ತೆ ಜೌಗು ಮಾಡುವಾಗ ಇದೇ ಚಿಂತೆ ಇತ್ತು. ಕುಡಿಯುವ ನೀರಿನ ಘಟಕದಲ್ಲಿ ಉಳಿಯುವ ಆಲಂ (ನೀರು ತಿಳಿಯಾಗಿಸುವ ಪಟಿಕ) ಕೆಸರನ್ನು, ನೀರು ತುಂಬುವ ಮೊದಲೇ ಆ ಮಣ್ಣಿನ ಮೇಲೆ ಹರಡಿದರು. ಅದರಲ್ಲಿರುವ ಅಲ್ಯೂಮಿನಿಯಂ ರಂಜಕವನ್ನು ಕಚ್ಚಿ ಹಿಡಿಯುತ್ತದೆ. ಆಮ್ಲಜನಕ ಇಲ್ಲದಿದ್ದರೂ ಕಬ್ಬಿಣದಂತೆ ಕೈಬಿಡುವುದಿಲ್ಲ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಎಷ್ಟಿದೆ, ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) ಎಷ್ಟು ಎಂದು ಕೇಳಿ.

ಆಮೇಲೆ ಬಕೆಟ್ ಪರೀಕ್ಷೆ. ಇದನ್ನು ದಯವಿಟ್ಟು ಬಿಡಬೇಡಿ, ಏಕೆಂದರೆ ಎಲ್ಲ ಮಣ್ಣಿಗೂ ಒಂದೇ ಅಳತೆ ಸರಿಹೋಗುವುದಿಲ್ಲ. ನಾಲ್ಕು ಬಕೆಟ್‌ಗಳಲ್ಲಿ ಒಂದು ಗೇಣು ಮಣ್ಣು ತುಂಬಿ. ಒಂದನ್ನು ಹಾಗೇ ಬಿಡಿ. ಒಂದಕ್ಕೆ ಸುಣ್ಣ, ಒಂದಕ್ಕೆ ಒಣಗಿಸಿದ ಆಲಂ ಕೆಸರು, ಇನ್ನೊಂದಕ್ಕೆ ಅದೇ ಕೆಸರು ಎರಡರಷ್ಟು ಬೆರೆಸಿ. ಮೇಲೆ ನಿಧಾನವಾಗಿ ನೀರು ಹಾಕಿ, ಕಲಕದೆ ನೆರಳಿನಲ್ಲಿಡಿ. ಮೂರು ವಾರ ಬೇಕು. ಮೊದಲೆರಡು ದಿನ ಮಣ್ಣಿನಲ್ಲಿ ಇನ್ನೂ ಗಾಳಿ ಇರುತ್ತದೆ, ಆಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ವಾರಕ್ಕೊಮ್ಮೆ ಮೇಲಿನ ನೀರು ತೆಗೆದು ಫಾಸ್ಫೇಟ್ (ನೀರಿನಲ್ಲಿ ಕರಗಿದ ರಂಜಕ), ಪಿಎಚ್ ಅಳೆಯಿರಿ.

ಕೆಸರಿನ ಬದಲು ಪಟಿಕವನ್ನೇ ನೇರವಾಗಿ ಹಾಕುವುದಾದರೆ ಹುಷಾರು. ಅದು ನೀರನ್ನು ಹುಳಿಯಾಗಿಸುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಮೀನಿಗೆ ವಿಷವಾಗುತ್ತದೆ. ಕೆಸರು ತರುವುದಾದರೆ ಭಾರಲೋಹಗಳ ಪರೀಕ್ಷೆ ಮಾಡಿಸದೆ ತರಬೇಡಿ. ಸುಣ್ಣವೂ ರಂಜಕವನ್ನು ಹಿಡಿಯುತ್ತದೆ, ಆದರೆ ಹುಳಿ ಮಣ್ಣಿನಲ್ಲಿ ಅದರ ಹಿಡಿತ ಸಡಿಲ.

ಫಾಸ್ಫೇಟ್ ಅತಿ ಕಡಿಮೆ ಬಂದು ಗೆದ್ದ ಬಕೆಟ್‌ನ ಅಳತೆಯಲ್ಲೇ ಹೊಲಕ್ಕೆ ಸಮನಾಗಿ ಹರಡಿ, ಕುಂಟೆ ಹೊಡೆದು ಮೇಲ್ಮಣ್ಣಿಗೆ ಬೆರೆಸಿ. ನೀರನ್ನು ನಿಧಾನವಾಗಿ ಬಿಡಿ, ಜೊಂಡು ನೆಡಿ. ಒಳಗೆ ಬರುವ ನೀರಿಗಿಂತ ಹೊರಗೆ ಹೋಗುವ ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾಗುವವರೆಗೂ ಕೆರೆಯ ಕಡೆಯ ತೂಬು ತೆಗೆಯಬೇಡಿ.