ಪೋಸ್ಟರ್ ಬಿಟ್ಟು ಸೂಜಿ ಹಿಡಿದ ವರ್ಷ

ಧಾರವಾಡ ಜಿಲ್ಲೆಯ ಎರೆಭೂಮಿಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕ. ವಿಶ್ವ ಪರಿಸರ ದಿನವಾದ ಜೂನ್ 5 ಬಂತೆಂದರೆ ನನ್ನ ಕೆಲಸ ಏನೆಂಬುದು ಹಲವು ವರ್ಷ ಬದಲಾಗಲೇ ಇಲ್ಲ. ಮಕ್ಕಳಿಗೆ ಡ್ರಾಯಿಂಗ್ ಹಾಳೆ ಹಂಚುವುದು, ಅವರು ಎರಡು ಅಂಗೈ ನಡುವೆ ಭೂಮಿಯ ಗೋಳವನ್ನೋ, ನಲ್ಲಿಯಿಂದ ತೊಟ್ಟಿಕ್ಕುವ ಒಂದು ಹನಿಯನ್ನೋ, ಅರ್ಧ ಹಸಿರು ಅರ್ಧ ಒಣಗಿದ ಮರವನ್ನೋ ಬರೆಯುವುದು, ಅವುಗಳಲ್ಲಿ ಚೆಂದದ ಹತ್ತನ್ನು ವರಾಂಡದಲ್ಲಿ ಅಂಟಿಸುವುದು. ಮಗ್ಗಿ ಬಾಯಿಪಾಠ ಮಾಡಿದಂತೆ ಮಕ್ಕಳು ಈ ಮೂರು ಚಿತ್ರಗಳನ್ನು ಕೈಪಾಠ ಮಾಡಿಕೊಂಡಿದ್ದರು. ಒಂದು ವರ್ಷ ವಸ್ತುಪ್ರದರ್ಶನಕ್ಕೆಂದು ಥರ್ಮಾಕೋಲಿನಲ್ಲಿ ‘ಸ್ವಚ್ಛ ಗ್ರಾಮ’ದ ಮಾದರಿ ಮಾಡಿದೆವು, ಬಹುಮಾನವೂ ಬಂತು. ಮಳೆಗಾಲದಲ್ಲಿ ಅದೇ ಗ್ರಾಮ ಶಾಲೆಯ ಹಿಂದಿನ ಗಟಾರದಲ್ಲಿ ಬಿಳಿ ಕಾಳುಕಾಳಾಗಿ ತೇಲುತ್ತಿರುವುದನ್ನು ಎಂಟನೆಯ ತರಗತಿಯ ಹುಡುಗನೊಬ್ಬ ನನಗೆ ಕರೆದು ತೋರಿಸಿದ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ದೇಶದಾದ್ಯಂತ ನಿಷೇಧವಾಯಿತು. ನಮ್ಮ ಮಾದರಿ ಅದಕ್ಕೆ ಕೆಲವೇ ತಿಂಗಳು ಹಿಂದಿನದು. ಹುಡುಗ ನಗಲಿಲ್ಲ, ನನಗೂ ನಗು ಬರಲಿಲ್ಲ.

ಸುಸ್ಥಿರತೆ ಎಂಬ ಮಾತನ್ನು ಚಿತ್ರದಲ್ಲಿ ಬರೆಸುವುದಕ್ಕಿಂತ ಒಂದು ವಸ್ತುವಿನಲ್ಲಿ ಮಾಡಿಸಬೇಕು ಎನ್ನಿಸಿದ್ದು ಆಗ. ಯಾವ ವಸ್ತು ಎಂದು ದೂರ ಹುಡುಕಬೇಕಾಗಲಿಲ್ಲ, ಏಕೆಂದರೆ ನಾನು ಅಂದು ರಾತ್ರಿಯೂ ಹೊದ್ದು ಮಲಗಿದ್ದು ನಮ್ಮ ಅವ್ವ ಹೊಲಿದ ಕೌದಿಯನ್ನೇ. ಉತ್ತರ ಕರ್ನಾಟಕದವರಿಗೆ ಕೌದಿಯನ್ನು ಪರಿಚಯಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಹಳೆಯ ಸೀರೆ, ಧೋತರ, ಅಂಗಿ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಉದ್ದಕ್ಕೂ ಸಣ್ಣ ಸಣ್ಣ ಓಟದ ಹೊಲಿಗೆ ಹಾಕಿ ಒಂದುಗೂಡಿಸಿದ ಹೊದಿಕೆ ಅದು. ಬಾಣಂತಿಯ ಕೋಣೆಗೂ ಅದೇ, ಹೊಲದ ಗುಡಿಸಲಿಗೂ ಅದೇ. ಇದೇ ಹೊಲಿಗೆಯ ಕೈ ಕೂಸಿನ ಕುಂಚಿಗೆಗೂ, ಕಾರಹುಣ್ಣಿಮೆಯ ದಿನ ಎತ್ತಿನ ಬೆನ್ನಿಗೆ ಹಾಕುವ ಝೂಲಕ್ಕೂ ಓಡುತ್ತದೆ. ನಮ್ಮಿಂದ ಪಶ್ಚಿಮಕ್ಕೆ ಹಳಿಯಾಳ, ಯಲ್ಲಾಪುರಗಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಇದೇ ಬಗೆಯ ಹೊದಿಕೆಯನ್ನು ಕವಂದಿ ಎಂದು ಕರೆಯುತ್ತಾರೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ತ್ರಿಕೋನಾಕಾರದ ‘ಫುಲಾ’ ಇಡುತ್ತಾರೆ. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ.

ಒಂಬತ್ತನೆಯ ತರಗತಿಯ 41 ಮಕ್ಕಳೊಂದಿಗೆ, ಬ್ಯಾಗಿಲ್ಲದ ಶನಿವಾರಗಳನ್ನೂ ನನ್ನ ಚಿತ್ರಕಲಾ ಅವಧಿಗಳನ್ನೂ ಸೇರಿಸಿಕೊಂಡು, ಜುಲೈನಿಂದ ಜನವರಿಯವರೆಗೆ ಈ ಕೆಲಸ ನಡೆಯಿತು. ಪ್ರತಿಯೊಬ್ಬರೂ ಮನೆಯಲ್ಲಿ ಇನ್ನು ಯಾರೂ ಉಡದ ಒಂದೆರಡು ಬಟ್ಟೆ ತರಬೇಕು ಎಂದು ಹೇಳಿದ್ದೆ. ಎರಡು ವಾರದಲ್ಲಿ ಬಂದದ್ದನ್ನು ಊರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ 23 ಕಿಲೋ ಆಯಿತು. ಇಷ್ಟೊಂದು ಬಟ್ಟೆ ನಮ್ಮ ಊರಿನಲ್ಲಿ ಸುಮ್ಮನೆ ಬಿದ್ದಿತ್ತೇ ಎಂದು ಮಕ್ಕಳಿಗಿಂತ ನನಗೇ ಹೆಚ್ಚು ಅಚ್ಚರಿಯಾಯಿತು.

ಮೊದಲ ಕೆಲಸ ವಿಂಗಡಣೆ. ಮುಟ್ಟಿ ನೋಡಿ ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಹೇಳಿ ಎಂದರೆ ಮಕ್ಕಳು ಅರ್ಧಕ್ಕರ್ಧ ತಪ್ಪಿದರು. ಹಾಗಾಗಿ ಅಂಗಳಕ್ಕೆ ಬಂದು, ಒಂದು ಬಕೆಟ್ ನೀರು ಪಕ್ಕಕ್ಕಿಟ್ಟುಕೊಂಡು, ಪ್ರತಿ ಬಟ್ಟೆಯ ಅಂಚಿನಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದೆವು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಹೊಡೆದು, ಮುಟ್ಟಿದರೆ ಪುಡಿಯಾಗುವ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಪಾಲಿಯೆಸ್ಟರ್ ಉರಿಯುವ ಮೊದಲು ಮುದುಡಿಕೊಂಡು, ಕರಗಿ, ತುದಿಯಲ್ಲಿ ಸಾಸಿವೆ ಕಾಳಿನಂಥ ಕಪ್ಪು ಗುಂಡಾಗಿ ನಿಲ್ಲುತ್ತದೆ. ತಣ್ಣಗಾದ ಮೇಲೆ ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಮಿಶ್ರ ಬಟ್ಟೆಗಳಲ್ಲಿ ಬೂದಿಯೂ ಗುಂಡೂ ಎರಡೂ ಸಿಕ್ಕವು. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಅಂಗೈಯಲ್ಲಿ ಕಪ್ಪು ಗುಂಡುಗಳ ರಾಶಿಯೇ ಇತ್ತು. 23 ಕಿಲೋದಲ್ಲಿ ನಿಜವಾದ ಹತ್ತಿ 9 ಕಿಲೋ ಮಾತ್ರ, ಅದರಲ್ಲೂ ಬಹುಪಾಲು ಅಜ್ಜ ಅಜ್ಜಿಯರ ಬಟ್ಟೆ. ಬಟ್ಟೆಯ ರಾಶಿಗಳನ್ನು ಉಟ್ಟವರ ವಯಸ್ಸಿನ ಕ್ರಮದಲ್ಲಿ ಹಾಸಿದಾಗ, ಮೂರು ತಲೆಮಾರಿನೊಳಗೆ ಮನೆಯ ಬಟ್ಟೆ ಹತ್ತಿಯ ಹೊಲದಿಂದ ಪಾಲಿಯೆಸ್ಟರಿನ ಮೂಲವಾದ ಪೆಟ್ರೋಲಿಯಂ ಎಣ್ಣೆಬಾವಿಗೆ ಹೋದದ್ದು ಯಾರೂ ಹೇಳದೆಯೇ ಕಾಣುತ್ತಿತ್ತು.

ಇಲ್ಲೊಂದು ಪಾಠ ನನಗೂ ಆಯಿತು. ಒಂದು ಹತ್ತಿಯ ಟಿ-ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕು ಎಂಬ, ಎಲ್ಲೆಡೆ ಓಡಾಡುವ ಲೆಕ್ಕವನ್ನು ನಾನು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ನಮ್ಮ ಹತ್ತಿಗೆ ಮಳಿ ಬಿಟ್ಟು ಒಂದ್ ಹನಿ ನೀರ ಹಾಕಿಲ್ರಿ. ಎಣ್ಣಿ ಮಾತ್ರ ಭಾಳ ಹೊಡೀತಾರ” ಎಂದಳು. ಎಣ್ಣೆ ಎಂದರೆ ನಮ್ಮಲ್ಲಿ ಕೀಟನಾಶಕ. ಅವಳು ಹೇಳಿದ್ದು ಸರಿಯಾಗಿತ್ತು. ಜಗತ್ತಿನ ಸರಾಸರಿಯನ್ನು ಎರೆಮಣ್ಣಿನ ಮಳೆಯಾಶ್ರಿತ ಹತ್ತಿಯ ಮೇಲೆ ಹೇರುವುದು ತಪ್ಪು. ನಮ್ಮ ಹತ್ತಿಯ ಸಮಸ್ಯೆಯನ್ನು ನೀರಿನಲ್ಲಲ್ಲ, ಸಿಂಪರಣೆಯ ಡಬ್ಬಿಯಲ್ಲಿ ಹುಡುಕಬೇಕಿತ್ತು. ಹಲಗೆಯ ಮೇಲಿನ ಅಂಕಿಯನ್ನು ಒರೆಸಿ, ಅವಳ ಮಾತನ್ನು ಬರೆದೆ. ಅದೇ ದಿನ ಇನ್ನೊಬ್ಬ ನಮ್ಮ ಶಾಲೆಯ ಧ್ವಜದ ಬಟ್ಟೆ ಯಾವುದು ಎಂದು ಕೇಳಿದ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುವುದೂ, ನಮ್ಮ ಜಿಲ್ಲೆಯದೇ ಆದ ಗರಗದಲ್ಲಿ ಧ್ವಜದ ಬಟ್ಟೆ ನೇಯುವುದೂ ಮಕ್ಕಳಿಗೆ ಗೊತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿದ್ದು ಗೊತ್ತಿರಲಿಲ್ಲ. ಹುಡುಗ ಏನೂ ಹೇಳಲಿಲ್ಲ, ಕೈಯಲ್ಲಿದ್ದ ಕಪ್ಪು ಗುಂಡನ್ನು ನೋಡಿಕೊಂಡ.

ವಿನ್ಯಾಸ ಕಲಿಸುವವನೆಂಬ ಹಮ್ಮಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಮುಂದಿನದು. ಗ್ರಾಫ್ ಹಾಳೆಯ ಮೇಲೆ ನಾಲ್ಕು ಇಂಚಿನ ಚೌಕಗಳ ಒಂದು ಅಂದವಾದ ನಕ್ಷೆ ಬರೆದು, ಬಣ್ಣ ತುಂಬಿ, ಅದರಂತೆ ಕತ್ತರಿಸಲು ಮಕ್ಕಳಿಗೆ ಹೇಳಿದೆ. ಹೊಲಿಗೆ ಕಲಿಸಲು ಒಪ್ಪಿ ಬಂದಿದ್ದ, ವಿದ್ಯಾರ್ಥಿಯೊಬ್ಬನ ಅಜ್ಜಿ ಗೋಡೆಗೆ ಒರಗಿ ಕುಳಿತು ಅದನ್ನೆಲ್ಲ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನೆಲದ ಮೇಲೆ ಬಿದ್ದಿದ್ದ ಚೂರುಗಳನ್ನು ಸೆರಗಿನಲ್ಲಿ ಬಳಿದು ತಂದು ನನ್ನ ಮುಂದೆ ಸುರಿದು, “ಮಾಸ್ತರ, ಇದೇನ್ ದನಕ್ಕ ಹಾಕೂದೇನ್ರಿ?” ಎಂದು ಕೇಳಿದರು. ನನ್ನ ನಕ್ಷೆಗಾಗಿ ಬಟ್ಟೆಯ ಕಾಲು ಭಾಗ ಕಸವಾಗಿತ್ತು.

ಅಜ್ಜಿಯ ಕ್ರಮ ನನ್ನದಕ್ಕೆ ತಿರುವುಮುರುವು. ಅವರು ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ಎಲ್ಲಿ ಸವೆದಿದೆ ಎಂದು ನೋಡುತ್ತಾರೆ. ಸವೆದ ಭಾಗ ಕೆಳಪದರಕ್ಕೆ, ಗಟ್ಟಿ ಭಾಗ ಮೇಲಕ್ಕೆ. ದೊಡ್ಡ ತುಂಡಿನ ಜಾಗ ಮೊದಲು ನಿರ್ಧಾರವಾಗುತ್ತದೆ, ನಡುವೆ ಉಳಿದ ಸಂದಿಗಳು ಸಣ್ಣ ತುಂಡುಗಳ ಆಕಾರವನ್ನು ಹೇಳುತ್ತವೆ. ಕತ್ತರಿ ಬರುವುದು ಕಟ್ಟಕಡೆಗೆ, ಅದೂ ತೀರ ಬೇಕಾದರೆ. ಅಂಗಿಯ ಕಾಲರ್, ಜೇಬು, ಗುಂಡಿಪಟ್ಟಿಗಳನ್ನು ಬಿಚ್ಚಿ ಅಂಚಿಗೆ ಬಳಸುತ್ತಾರೆ, ಏಕೆಂದರೆ ಅಲ್ಲಿ ಬಟ್ಟೆ ಎರಡು ಮಡಿಕೆ ಇರುತ್ತದೆ ಮತ್ತು ಕೌದಿ ಮೊದಲು ಹರಿಯುವುದು ಅಂಚಿನಲ್ಲಿ. ಹೊಲಿಗೆಯ ಸಾಲುಗಳ ನಡುವಿನ ಅಂತರಕ್ಕೆ ಅವರ ಅಳತೆಪಟ್ಟಿ ತೋರುಬೆರಳು. ಬಣ್ಣದ ವಿಷಯದಲ್ಲಿ ಅವರಿಗೆ ಇದ್ದದ್ದು ಒಂದೇ ನಿಯಮ: ಕಪ್ಪು ಒಂದೇ ಕಡೆ ಗುಂಪಾಗಬಾರದು. ಕಲಾಶಾಲೆಯಲ್ಲಿ ಐದು ವರ್ಷ ಸಮತೋಲ, ಲಯ ಎಂದೆಲ್ಲ ಓದಿದ ನನಗೆ ಈ ನೆಲದ ಮೇಲಿನ ಜೋಡಣೆಯಲ್ಲಿ ಅವೆಲ್ಲವೂ ಕಂಡವು. ವ್ಯತ್ಯಾಸವೆಂದರೆ ಇಲ್ಲಿ ಅವು ನಕ್ಷೆಯಿಂದ ಬಟ್ಟೆಗೆ ಇಳಿಯದೆ, ಬಟ್ಟೆಯಿಂದಲೇ ಮೇಲಕ್ಕೆ ಬರುತ್ತಿದ್ದವು. ಗ್ರಾಫ್ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಕತ್ತರಿಸಿಬಿಟ್ಟಿದ್ದ ಚೂರುಗಳನ್ನು ಅಜ್ಜಿ ಎರಡು ಪದರಗಳ ನಡುವೆ ತುಂಬಿಸಿ, ನನ್ನ ಮಾನವನ್ನೂ ಸ್ವಲ್ಪ ಉಳಿಸಿದರು.

ಹುಡುಗರು ಸೂಜಿ ಹಿಡಿಯಲು ಮೊದಲು ಒಪ್ಪಲಿಲ್ಲ. ಊರಿನ ಟೇಲರ್ ಗಂಡಸಲ್ಲವೇ ಎಂದು ನಾನು ಕೇಳಿದ್ದಕ್ಕೆ, “ಅಂವಾ ಮಷೀನ್ ಮ್ಯಾಲ ಹೊಲಿತಾನ್ರಿ” ಎಂಬ ಉತ್ತರ ಸಿದ್ಧವಾಗಿತ್ತು. ವಾದ ಬೆಳೆಸದೆ ನಾನೇ ಕುಳಿತು ಹೊಲಿಯತೊಡಗಿದೆ, ಕೆಟ್ಟದಾಗಿ ಹೊಲಿದೆ, ಅದನ್ನು ನೋಡಿ ನಗಲು ಬಂದವರು ಪಕ್ಕದಲ್ಲಿ ಕುಳಿತರು.

ಒಬ್ಬ ಹುಡುಗಿ ತೀರಿಹೋದ ತನ್ನ ಅಜ್ಜನ ಧೋತರ ತಂದಿದ್ದಳು. ಅದರ ಸರದಿ ಬಂದಾಗ ಅದನ್ನು ಮಡಿಲಲ್ಲಿ ಇಟ್ಟುಕೊಂಡು, “ಸರ್, ಇದಕ್ಕ ಕತ್ತರಿ ಹಾಕಬ್ಯಾಡ್ರಿ” ಎಂದಳು. ಬೇರೆ ಬಟ್ಟೆ ತಾ ಎನ್ನಬಹುದಿತ್ತು, ಆದರೆ ಅವಳಿಗೆ ಅದು ಕೌದಿಯಲ್ಲಿ ಇರಲೂ ಬೇಕಿತ್ತು. ಈ ಪ್ರಶ್ನೆಯನ್ನು ನಾನು ತರಗತಿಯ ಮುಂದಿಟ್ಟೆ. ಮಡಚಿ ನಡುವೆ ಇಡೋಣ, ಒಂದು ಚೀಲ ಹೊಲಿದು ಅದರೊಳಗೆ ಹಾಕೋಣ ಎಂದೆಲ್ಲ ಸಲಹೆ ಬಂದವು. ಕೊನೆಗೆ ಅಜ್ಜಿಯ ಮೊಮ್ಮಗನೇ ಹೇಳಿದ: ಕೌದಿಗೆ ಅಡಿಯ ಪದರವೊಂದು ಬೇಕೇ ಬೇಕು, ಅದಕ್ಕೆ ಯಾವಾಗಲೂ ಅಖಂಡ ಬಟ್ಟೆಯನ್ನೇ ಹಾಸುತ್ತಾರೆ. ಧೋತರವನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಸಿದೆವು, ಉಳಿದ ನಲವತ್ತು ಮನೆಗಳ ಬಟ್ಟೆ ಅದರ ಮೇಲೆ ಕುಳಿತವು. ಮಾನವೀಯ ಮೌಲ್ಯ ಎಂಬ ಶೀರ್ಷಿಕೆಯಡಿ ನಾನು ಪಾಠ ಟಿಪ್ಪಣಿಯಲ್ಲಿ ಬರೆದಿದ್ದ ಸಾಲುಗಳಿಗಿಂತ ಆ ಹತ್ತು ನಿಮಿಷದ ಚರ್ಚೆ ನನಗೆ ಹೆಚ್ಚು ಬೆಲೆಯದು.

ಎಲ್ಲವೂ ಹೀಗೆ ಕೂಡಿಬರಲಿಲ್ಲ. ಯಾರ ಮನೆಯ ಬಟ್ಟೆಯೊಂದಿಗೆ ಯಾರ ಮನೆಯ ಬಟ್ಟೆ ಸೇರುತ್ತಿದೆ ಎಂಬ ಮಾತು ಊರಿನೊಳಗೆ ಎದ್ದಿತು. ಎರಡು ಮನೆಯವರು ತಮ್ಮ ಬಟ್ಟೆಯನ್ನು ಹಿಂದಕ್ಕೆ ಕೇಳಿದರು. ಕಾರಣವನ್ನು ಬಾಯಿಬಿಟ್ಟು ಹೇಳಲಿಲ್ಲ, ನಮ್ಮೂರಿನಲ್ಲಿ ಅದನ್ನು ಹೇಳಬೇಕಾಗಿಯೂ ಇಲ್ಲ. ಒಂದು ಬಟ್ಟೆಯನ್ನು ಮರಳಿ ಕೊಟ್ಟೆ. ಇನ್ನೊಂದು ಆಗಲೇ ಹೊಲಿದಾಗಿತ್ತು, ಅದನ್ನು ಬಿಚ್ಚುವುದಿಲ್ಲ ಎಂದು ಮಕ್ಕಳೇ ಹಟ ಹಿಡಿದರು. ಆ ಮನೆಯ ಮಗು ಎರಡು ಶನಿವಾರ ಬರಲಿಲ್ಲ, ಮೂರನೆಯ ಶನಿವಾರ ಬಂದು ಸುಮ್ಮನೆ ತನ್ನ ಸಾಲು ಮುಂದುವರಿಸಿತು. ಮನೆಯಲ್ಲಿ ಏನು ನಡೆಯಿತೆಂದು ನಾನು ಕೇಳಲಿಲ್ಲ. ಒಂದು ಕೌದಿಯಿಂದ ಊರಿನ ಮನಸ್ಸು ಬದಲಾಯಿತು ಎಂದು ವರದಿಯಲ್ಲಿ ಬರೆಯುವ ಆಸೆ ಆಗುತ್ತದೆ, ಹಾಗೇನೂ ಆಗಲಿಲ್ಲ.

ಬಟ್ಟೆಯ ಗುಣ ಗೊತ್ತಿದ್ದೂ ನಾನು ಮಾಡಿದ ಇನ್ನೊಂದು ಎಡವಟ್ಟನ್ನೂ ಹೇಳಬೇಕು. ಉಳಿದ 14 ಕಿಲೋ ಪಾಲಿಯೆಸ್ಟರ್ ಮತ್ತು ಮಿಶ್ರ ಬಟ್ಟೆ ವ್ಯರ್ಥವಾಗಬಾರದೆಂದು, ಎರಡನೆಯ ಕೌದಿಯಲ್ಲಿ ಅದನ್ನೂ ಹತ್ತಿಯನ್ನೂ ಬೆರೆಸಿ ಹೊಲಿಸಿದೆ. ಅದರಲ್ಲಿ ಒಂದು ಹೊಸ ಕೆಂಪು ಹತ್ತಿ ತುಂಡೂ ಇತ್ತು. ಮೊದಲ ಒಗೆತಕ್ಕೇ ಹತ್ತಿ ಸಂಕುಚಿಸಿತು, ಪಾಲಿಯೆಸ್ಟರ್ ಇದ್ದಷ್ಟೇ ಇದ್ದು ಬೊಬ್ಬೆ ಎದ್ದಂತೆ ಉಬ್ಬಿಕೊಂಡಿತು, ಕೆಂಪು ಬಣ್ಣ ಬಿಟ್ಟು ಸುತ್ತಲಿನ ಬಿಳಿಯೆಲ್ಲ ಗುಲಾಬಿಯಾಯಿತು. ಒಂದೂವರೆ ತಿಂಗಳ ಕೆಲಸವದು. ಮಕ್ಕಳ ಮುಖ ನೋಡಲಾಗಲಿಲ್ಲ. ಆಮೇಲೆ ಎರಡು ನಿಯಮ ಮಾಡಿಕೊಂಡೆವು: ಯಾವ ಬಟ್ಟೆಯೇ ಆಗಲಿ ಬಿಸಿನೀರಿನಲ್ಲಿ ಎರಡು ಸಲ ಒಗೆದು ಒಣಗಿಸದೆ ಒಳಗೆ ಬರಬಾರದು, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಅಂಟುತ್ತದೆಯೇ ಎಂದು ನೋಡಿರಬೇಕು. ಪಾಲಿಯೆಸ್ಟರನ್ನು ಬೇರೆಯಾಗಿಯೇ ಹೊಲಿದು ತರಗತಿಯ ಕೂರುವ ಹಾಸುಗಳನ್ನಾಗಿ ಮಾಡಿದೆವು. ಬೆವರು ಹೀರದ ಬಟ್ಟೆ ಹೊದಿಕೆಗೆ ಬಾರದಿದ್ದರೂ, ಬೇಗ ಸವೆಯದ ಕಾರಣ ಕೂರುವ ಹಾಸುಗಳಿಗೆ ಒಳ್ಳೆಯದೇ. ಗುಲಾಬಿ ಕೌದಿ ಈಗ ನಮ್ಮ ಶಾಲೆಯ ಬಿಸಿಯೂಟದ ದೊಡ್ಡ ಪಾತ್ರೆಯನ್ನು ಬೆಚ್ಚಗಿಡುತ್ತದೆ.

ಸೂಜಿ, ದಾರಕ್ಕೆಂದು ಖರ್ಚಾದದ್ದು ಒಟ್ಟು 340 ರೂಪಾಯಿ. ಸಮಯದ ಲೆಕ್ಕವನ್ನು ಮಕ್ಕಳೇ ಇಟ್ಟರು: ಆರಡಿ ಉದ್ದ, ನಾಲ್ಕಡಿ ಅಗಲದ ಮೊದಲ ಕೌದಿಗೆ ಎಲ್ಲರ ಕೈಯ ಗಂಟೆ ಕೂಡಿಸಿದರೆ 190. ದಿನಗೂಲಿಯ ದರದಲ್ಲಿ ಗುಣಿಸಿ ನೋಡಿದ ಹುಡುಗ, “ಇಷ್ಟು ರೊಕ್ಕಕ್ಕ ಪ್ಯಾಟ್ಯಾಗ ಹತ್ತ್ ಬ್ಲ್ಯಾಂಕೆಟ್ ಬರ್ತಾವ್ರಿ” ಎಂದ. ಅಗ್ಗದ ಬ್ಲ್ಯಾಂಕೆಟ್ಟಿನ ಬೆಲೆಯಲ್ಲಿ ಯಾರ ಕೂಲಿ ಸೇರಿಲ್ಲ ಎಂದು ನಾನು ಕೇಳಿದೆ. ಆ ಚರ್ಚೆ ಎರಡು ಅವಧಿ ನಡೆಯಿತು, ಮುಗಿಯಲಿಲ್ಲ.

ಕೊನೆಯ ಮೂಲೆ ಮುಚ್ಚುವ ಮುನ್ನ ಅಜ್ಜಿ ಕೈ ತಡೆದು, ಒಂದು ಹಿಡಿ ಬಿಳಿಜೋಳ ತರಿಸಿ ನಾಲ್ಕು ಕಾಳನ್ನು ಪದರದೊಳಗೆ ಸೇರಿಸಿದರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂಬುದು ಅವರ ಮನೆಯ ನಂಬಿಕೆ. ಕೌದಿಯನ್ನು ಯಾರಿಗೆ ಕೊಡಬೇಕೆಂದು ಮತ ಹಾಕಿದಾಗ, ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಗೆ ಐದು ಮತ, ಪಕ್ಕದ ಅಂಗನವಾಡಿಗೆ ಉಳಿದವೆಲ್ಲ. ಅಲ್ಲಿನ ಕೂಸುಗಳು ಅದುವರೆಗೆ ಪ್ಲಾಸ್ಟಿಕ್ ಚಾಪೆಯ ಮೇಲೆ ಮಲಗುತ್ತಿದ್ದವು.

ಮರುವರ್ಷದ ಆಗಸ್ಟಿನಲ್ಲಿ ಅಂಗನವಾಡಿ ಅಕ್ಕೋರು ಕೌದಿಯನ್ನು ಹಿಡಿದುಕೊಂಡು ಬಂದರು. ಒಂದು ಮೂಲೆಯನ್ನು ಇಲಿ ಕಡಿದಿತ್ತು, ಜೋಳ ಇಟ್ಟ ಮೂಲೆಯನ್ನೇ. ಹೊಲಿದವರು ಆಗ ಹತ್ತನೆಯ ತರಗತಿಯಲ್ಲಿದ್ದರು, ಪರೀಕ್ಷೆಯ ಗಡಿಬಿಡಿ. ಆದರೂ ಮಧ್ಯಾಹ್ನದ ಬಿಡುವಿನಲ್ಲಿ ಆರೇಳು ಮಂದಿ ಬಂದು ಸುತ್ತ ಕುಳಿತರು. ಧೋತರದ ಹುಡುಗಿ ಮೊದಲು ಕೌದಿಯನ್ನು ತಿರುವಿಹಾಕಿ ಅಡಿಯ ಪದರವನ್ನು ನೋಡಿದಳು. ಇಲಿಯ ಹಲ್ಲು ಅಲ್ಲಿಗೆ ತಲುಪಿರಲಿಲ್ಲ. ತೇಪೆಗೆ ಬಟ್ಟೆ ಹುಡುಕುವಾಗ ಒಬ್ಬ ತನ್ನ ಹಳೆಯ ಕರವಸ್ತ್ರ ತೆಗೆದುಕೊಟ್ಟ, ಇನ್ನೊಬ್ಬಳು ಅದನ್ನು ಅವನ ಕೈಯಿಂದ ಕಸಿದು, ಅಂಚಿನಿಂದ ಎರಡು ಎಳೆ ಕಿತ್ತು, ಬೆಂಕಿಪೊಟ್ಟಣ ಎಲ್ಲಿದೆ ಎಂದು ನನ್ನನ್ನು ಕೇಳಿದಳು.